ಹನ್ನೊಂದನೇ ಮೊಳೆ

2016ರ ಏಪ್ರಿಲ್ ತಿಂಗಳ ಎರಡನೇ ಮಂಗಳವಾರ, ಔರಾದ್ ತಾಲ್ಲೂಕಿನ ಒಂದು ಊರಿನ ಒಂದು ಓಣಿಯಲ್ಲಿ ಬೋರ್‌ವೆಲ್‌ನಲ್ಲಿ ನೀರಿದ್ದರೂ ಬೆಳಗಿನಿಂದ ಸಂಜೆಯವರೆಗೆ ಯಾರೂ ಒಂದು ಕೊಡ ತುಂಬಿಕೊಳ್ಳಲಿಲ್ಲ. ಮೋಟರ್ ಕೆಟ್ಟಿರಲಿಲ್ಲ. ಕರೆಂಟ್ ಇತ್ತು. ಇಪ್ಪತ್ತೊಂದು ಮನೆಗಳ ಜನ ಖಾಲಿ ಕೊಡಗಳನ್ನು ಇಟ್ಟುಕೊಂಡು ಪಂಪಿನ ಸುತ್ತ ಕೂತಿದ್ದರು. ಅದಕ್ಕೆ ಕಾರಣರಾದವರು ಭಾಲ್ಕಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತಿದ್ದ ಅಧ್ಯಾಪಕರು. ಕಳೆದ ತಿಂಗಳು ಅವರು ಬೀದರಿನ ಚಿದ್ರಿಯಲ್ಲಿ, ತಮ್ಮ ಮನೆಯಲ್ಲಿ ತೀರಿಕೊಂಡರು. ಆ ಮಂಗಳವಾರದ ಸುದ್ದಿಯನ್ನು ನಾನು ಆಗ ಬರೆಯಲಿಲ್ಲ. ಬರೆದರೆ ಹೆಸರು ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದರು. ಇಲ್ಲಿಯೂ ಹಾಕಿಲ್ಲ.

ಆಗ ನಾನು ಬೀದರಿನ ಒಂದು ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಅವರ ಪರಿಚಯವಾದದ್ದು ನನ್ನದೇ ಒಂದು ವರದಿಯಿಂದ. ಅಧಿಕಾರಿಗಳು ಭಾಲ್ಕಿ ಮತ್ತು ಔರಾದಿನ ಗೋದಾಮುಗಳ ಮೇಲೆ ಏಕಕಾಲಕ್ಕೆ ದಾಳಿ ಮಾಡಿದರು ಎಂದು ಬರೆದಿದ್ದೆ. ಮರುದಿನ ಬೆಳಿಗ್ಗೆ ಭಾಲ್ಕಿಗೆ ಹೋಗುವ ರೈಲಿನಲ್ಲಿ ಎದುರು ಸೀಟಿನವರು ಅದೇ ಪುಟವನ್ನು ಮಡಚಿ ಹಿಡಿದಿದ್ದರು. 'ಏಕಕಾಲಕ್ಕೆ' ಎಂಬ ಪದದ ಕೆಳಗೆ ಪೆನ್ಸಿಲಿನ ಗೆರೆ ಇತ್ತು.

"ಇದು ನೀವು ಬರದಿದ್ದೇನ್ರಿ?"

"ಹೌದ್ರಿ."

"ಅವತ್ತು ನೀವು ಭಾಲ್ಕಿಯಾಗ ಇದ್ರೋ, ಔರಾದಿನಾಗ ಇದ್ರೋ?"

"ಬೀದರಿನಾಗಿದ್ದೆ. ಆಫೀಸಿನಾಗ."

"ಹಂಗಾದ್ರ ಎರಡೂ ನೋಡಿಲ್ಲ." ಪುಟವನ್ನು ನನ್ನ ಕಡೆ ಚಾಚಿದರು. "ಎರಡೂ ನೋಡಿದ ಮನುಷ್ಯಾ ಒಬ್ಬನರ ಇರಬೇಕಲ್ರಿ. ಅಂವ ಯಾರು?"

ನಾನು ಪುಟ ತೆಗೆದುಕೊಳ್ಳಲು ಕೈ ನೀಡಿದೆ. ಅವರು ಬಿಡಲಿಲ್ಲ. "ಹಿಡದೀರೇನು?" ಎಂದು ಕೇಳಿದರು. "ಹಿಡದೀನಿ" ಎಂದ ಮೇಲೆ ಬಿಟ್ಟರು. ಮುಂದೆ ಎಷ್ಟೋ ವರ್ಷ ಅವರ ಕೈಯಿಂದ ಚಹಾ, ಪುಸ್ತಕ, ಛತ್ರಿ, ಕೀಲಿಕೈ ತೆಗೆದುಕೊಂಡಿದ್ದೇನೆ. ಒಮ್ಮೆಯೂ ಆ ಪ್ರಶ್ನೆ ಕೇಳದೆ ಬಿಟ್ಟವರಲ್ಲ. ವಿದ್ಯಾರ್ಥಿಗಳು ಅವರ ಬೆನ್ನ ಹಿಂದೆ ಅವರನ್ನು 'ಹಿಡದೀರೇನು ಸರ್' ಎನ್ನುತ್ತಿದ್ದರು. ಅವರಿಗೂ ಗೊತ್ತಿತ್ತು.

ಅವರು ಕೈಗಡಿಯಾರ ಕಟ್ಟುತ್ತಿರಲಿಲ್ಲ. ಗಂಟೆ ಎಷ್ಟು ಎಂದರೆ "ಔರಾದ್ ಬಸ್ ಹೋಗ್ಯಾದ, ಹೂವಿನಾಕಿ ಇನ್ನಾ ಬಂದಿಲ್ಲ" ಎನ್ನುತ್ತಿದ್ದರು. ಯಾವುದು ಯಾವುದರ ನಂತರ ಆಯಿತು ಎಂಬುದಷ್ಟೇ ಖಚಿತ, ಉಳಿದದ್ದು ಗಡಿಯಾರದ ಕಂಪನಿಯವರ ಅಭಿಪ್ರಾಯ ಎಂಬುದು ಅವರ ವಾದ. ಪ್ರಾಂಶುಪಾಲರು ಇದನ್ನು ಒಪ್ಪಿರಲಿಲ್ಲ. ಆದರೆ ಇವರು ತರಗತಿಗೆ ತಡವಾಗಿ ಹೋದದ್ದನ್ನು ನಾನು ಕೇಳಿಲ್ಲ.

ಅವರು ಆಗ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿದ್ದರು. ಹಲವು ಕೆಲಸಗಳು ಒಟ್ಟೊಟ್ಟಿಗೆ ನಡೆಯುವಾಗ ಅವು ಒಂದಕ್ಕೊಂದು ಅಡ್ಡ ಬರದಂತೆ, ಒಂದನ್ನೊಂದು ಕಾಯುತ್ತಾ ನಿಂತುಬಿಡದಂತೆ ಹೇಗೆ ಸಾಗುತ್ತವೆ ಎಂಬುದನ್ನು ಗಣಿತದಲ್ಲಿ ಬರೆಯಲು ಹಲವು ಬಗೆಗಳಿವೆ. ಅವುಗಳಲ್ಲಿ ಮೂರನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ಹೇಳಬಹುದಾದದ್ದನ್ನು ಇನ್ನೊಂದರಲ್ಲಿ ಹೇಳಬಹುದೇ ಎಂದು ನೋಡುವುದು ಅವರ ಕೆಲಸ. ಮೂರನ್ನೂ ಅವರು ನನಗೆ ರೈಲಿನಲ್ಲಿಯೇ ಕಲಿಸಿದರು. ಪುಸ್ತಕದ ಹೆಸರುಗಳನ್ನು ಬಳಸಲಿಲ್ಲ. ಜಾಲ, ಕೈಗೆ ಕೈ, ಡಬ್ಬಿ ಎಂದರು.

ಜಾಲವೆಂದರೆ ಕಾಗದದ ಮೇಲೆ ಒಂದಷ್ಟು ವೃತ್ತಗಳು, ಅವುಗಳ ನಡುವೆ ಬಾಣಗಳು, ವೃತ್ತಗಳೊಳಗೆ ಕಾಳುಗಳು. ಕಾಳು ಇದ್ದರೆ ಕೆಲಸ ಮುಂದಕ್ಕೆ ಹೋಗುತ್ತದೆ, ಕಾಳೂ ಮುಂದಿನ ವೃತ್ತಕ್ಕೆ ಸರಿಯುತ್ತದೆ. ಕೈಗೆ ಕೈ ಎಂದರೆ ಕೊಡುವವನೂ ತೆಗೆದುಕೊಳ್ಳುವವನೂ ಎದುರುಬದುರು ಇರಬೇಕು. ಒಬ್ಬ ಬರದಿದ್ದರೆ ಇನ್ನೊಬ್ಬ ಕಾಯಬೇಕು. ಡಬ್ಬಿ ಎಂದರೆ ಟಪಾಲು. ಹಾಕಿ ಹೋಗುವವನು ಹಾಕಿ ಹೋದ, ತೆಗೆಯುವವನು ಯಾವಾಗಲೋ ತೆಗೆಯುತ್ತಾನೆ.

ತರಗತಿಯಲ್ಲಿ ಜಾಲವನ್ನು ತೋರಿಸಲು ಅವರು ಮೊದಲು ಕಾಳುಗಳಾಗಿ ಪುಟಾಣಿ, ಅಂದರೆ ಹುರಿಗಡಲೆ, ಬಳಸುತ್ತಿದ್ದರು. ಒಂದು ದಿನ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಾಗ ಮುಂದಿನ ಬೆಂಚಿನವರು ವೃತ್ತಗಳನ್ನು ಖಾಲಿ ಮಾಡಿದರು.

"ಎಲ್ಲಿ ಹೋದ್ವು?"

"ತಿಂದೇವ್ರಿ ಸರ್. ಮುಂಜಾನಿ ನಾಷ್ಟಾ ಆಗಿಲ್ರಿ."

"ಹಂಗಾದ್ರ ಇವತ್ತು ಜಾಲ ನಿಂತುಬಿಡ್ತು, ಡೆಡ್‌ಲಾಕ್. ಮನಿಗಿ ನಡೀರಿ."

ಮರುದಿನದಿಂದ ಅವರ ಚೀಲದಲ್ಲಿ ಹುಣಸೆ ಬೀಜ ಇರುತ್ತಿತ್ತು. ಪುಟಾಣಿಯೂ ಇರುತ್ತಿತ್ತು, ಬೇರೆ ಪೊಟ್ಟಣದಲ್ಲಿ. ಪಾಠ ಮುಗಿದ ಮೇಲೆ ಅದನ್ನು ಹಂಚುತ್ತಿದ್ದರು.

ಮೂರರಲ್ಲಿ ಅವರಿಗೆ ಪ್ರಿಯವಾದದ್ದು ಎರಡನೆಯದು. ಕೈಗೆ ಕೈ ಕೊಟ್ಟರೆ ಏನೂ ಕಳೆಯುವುದಿಲ್ಲ, ಕೊಟ್ಟದ್ದಕ್ಕೂ ಮುಟ್ಟಿದ್ದಕ್ಕೂ ನಡುವೆ ಅಂತರವೇ ಇಲ್ಲ, ಉಳಿದೆರಡಕ್ಕಿಂತ ಇದು ನಂಬಿಕೆಗೆ ಅರ್ಹ ಎಂದು ಪ್ರಬಂಧದ ನಡುವಿನ ಅಧ್ಯಾಯದಲ್ಲಿ ಬರೆದಿದ್ದರು. ಆ ಅಧ್ಯಾಯವನ್ನು ಅವರು 2016ರ ಮಾರ್ಚ್‌ನಲ್ಲಿ ಮುಗಿಸಿದರು.

ಅದು ಬರದ ಎರಡನೇ ವರ್ಷ. ಜಿಲ್ಲೆಯ ಊರುಗಳಿಂದ ಜನ ಹೈದರಾಬಾದಿಗೆ, ಪುಣೆಯ ಕಡೆಗೆ ಹೋಗುತ್ತಿದ್ದರು. ಭಾಲ್ಕಿ ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು ಗಂಟುಗಳ ನಡುವೆ ದಾರಿ ಬಿಡಿಸಿಕೊಂಡು ನಡೆಯಬೇಕಾಗುತ್ತಿತ್ತು. ಅವರ ಅಕ್ಕನನ್ನು ಕೊಟ್ಟದ್ದು ಔರಾದ್ ತಾಲ್ಲೂಕಿನ ಆ ಊರಿಗೆ. ಅಕ್ಕನ ಓಣಿಯಲ್ಲಿ ಇವರ ಹಾಗೆ ಬೌದ್ಧರಾದ ದಲಿತರ ಮನೆಗಳು ಕೆಲವು, ಕುರಿ ಸಾಕುವವರ ಮನೆಗಳು ಕೆಲವು. ಎಲ್ಲರಿಗೂ ಒಂದೇ ಬೋರ್. ಮೋಟರ್ ಹಚ್ಚಿದರೆ ಹತ್ತೋ ಹದಿನೈದೋ ಕೊಡ ತುಂಬುತ್ತಿತ್ತು. ಆಮೇಲೆ ಬರೀ ಗಾಳಿ. ಮತ್ತೆ ನೀರು ಕೂಡಿಕೊಳ್ಳಲು ಒಂದು ತಾಸೋ ಮೂರು ತಾಸೋ, ಯಾರೂ ಹೇಳಲಾರರು. ಹಾಗಾಗಿ ಗಡಿಯಾರ ನೋಡಿ ಪಾಳಿ ಹಚ್ಚುವಂತಿರಲಿಲ್ಲ. ಜಗಳಗಳಾದವು. ಕೊಡಗಳು ಒಡೆದವು.

ಅಕ್ಕನೇ ಅವರನ್ನು ಇದಕ್ಕೆ ಎಳೆದದ್ದು. "ಸಾವಿರ ಕೆಲಸ ಒಮ್ಮೆಗೇ ನಡಸೋ ಮಷಿನ್ ಕಲಿಸ್ತಿ ಅಂತ. ಇಪ್ಪತ್ತೆರಡು ಮನಿ ಪಾಳಿ ಹಚ್ಚಲಿಕ್ಕ ಬರಲ್ಲೇನೋ ನಿನಗ?" ಎಂದು ಓಣಿಯವರೆದುರೇ ಕೇಳಿದರಂತೆ. ಆಕೆ ಆರನೇ ತರಗತಿಗೆ ಶಾಲೆ ಬಿಟ್ಟವರು. ತಮ್ಮ ಕಲಿಯಲಿ ಎಂದು ಬಿಟ್ಟವರು. ಆಕೆ ಕೇಳಿದ್ದಕ್ಕೆ ಅವರು ಇಲ್ಲ ಎಂದದ್ದನ್ನು ನಾನು ಕಂಡಿಲ್ಲ.

ಅವರು ಹಚ್ಚಿದ ಪಾಳಿ ಸರಳವಾಗಿತ್ತು. ಅದಕ್ಕೆ ಬೇಕಾದದ್ದು ಬಾರಿಸುವ ಒಂದು ಗಂಟೆ. ಕುರಿ ಸಾಕುವವರ ಮನೆಯ ಹೆಣ್ಣುಮಗಳೊಬ್ಬರು ತಮ್ಮ ಟಗರಿನ ಕೊರಳ ಹಿತ್ತಾಳೆ ಗಂಟೆಯನ್ನು ಓಣಿಗೆ ಕೊಟ್ಟರು. ಮೇವಿಲ್ಲದೆ ಅವರ ಹಿಂಡು ಮಾರಿಯಾಗಿತ್ತು, ಟಗರೂ ಹೋಗಿತ್ತು. ಗಂಟೆ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮೋಟರ್ ಹಚ್ಚಬೇಕು. ನೀರು ನಿಂತ ಮೇಲೆ ಗಂಟೆಯನ್ನು ಮುಂದಿನ ಮನೆಯವರಿಗೆ ಕೊಡಬೇಕು. ಹೊಸ್ತಿಲ ಮೇಲೆ ಇಟ್ಟು ಹೋಗುವಂತಿಲ್ಲ, ಮಕ್ಕಳ ಕೈಯಲ್ಲಿ ಕಳಿಸುವಂತಿಲ್ಲ, ಕೈಗೇ ಕೊಡಬೇಕು. ಈ ಕೊನೆಯ ನಿಯಮವನ್ನು ಅವರು ಎರಡು ಸಲ ಹೇಳಿದರು. ಗಂಟೆ ಕೊಟ್ಟ ಹೆಣ್ಣುಮಗಳ ಮನೆ ಹನ್ನೊಂದನೆಯದು. ಅಕ್ಕನದು ಹನ್ನೆರಡು.

ಕೆಲವು ದಿನ ಚೆನ್ನಾಗಿ ನಡೆಯಿತು. ಓಣಿಯಲ್ಲಿ ಗಂಟೆಯ ಸದ್ದು ಮನೆಯಿಂದ ಮನೆಗೆ ಹೋಗುವುದನ್ನು ನಾನೇ ಒಂದು ಭಾನುವಾರ ಕೇಳಿದ್ದೇನೆ.

ಆ ಮಂಗಳವಾರ ಅವರು ಭಾಲ್ಕಿಯಲ್ಲಿ ಪಾಠ ಮಾಡುತ್ತಿದ್ದಾಗ ಅಕ್ಕನ ಫೋನ್ ಬಂತು. ಆಮೇಲೆ ಅವರು ಆ ಮಾತುಕತೆಯನ್ನು ನನಗೆ ಹಾಗೆಯೇ ಒಪ್ಪಿಸಿದರು.

"ಗಂಟಿ ಇಲ್ಲೋ ತಮ್ಮಾ. ಹನ್ನೊಂದನೇ ಮನಿಯಾಕಿ ಮುಂಜಾನಿ ಹೈದ್ರಾಬಾದಿಗೆ ಹೋಗ್ಯಾಳ. ಗಂಟಿ ಜೋಡಿ ಒಯ್ದಾಳ."

"ನಿನ್ನ ಕೈಗೆ ಯಾಕ ಕೊಟ್ಟಿಲ್ಲ? ನಿನ್ನೆ ರಾತ್ರಿ ನೀ ಎಲ್ಲಿದ್ದಿ?"

"ನಿನ್ನ ಮನ್ಯಾಗೇ ಮಕ್ಕೊಂಡಿದ್ದೆನಲ್ಲೋ!"

ಅದು ನಿಜ. ಅಕ್ಕ ಸೋಮವಾರ ಚಿದ್ರಿಗೆ ಬಂದು, ರಾತ್ರಿ ಉಳಿದು, ಮಂಗಳವಾರ ಬೆಳಗಿನ ಬಸ್ಸಿಗೆ ಹೋಗಿದ್ದರು. ಸೋಮವಾರ ಸಂಜೆ ಗಂಟೆ ಹನ್ನೊಂದನೇ ಮನೆಗೆ ಬಂದಿತ್ತು. ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಜೀಪು ಹೇಳಿದ ದಿನಕ್ಕಿಂತ ಮೊದಲೇ, ಮಂಗಳವಾರ ನಸುಕಿಗೆ ಬಂತು. ಮುಂದಿನ ಮನೆಗೆ ಬೀಗ. ಕೈಗೆ ಕೊಡಲು ಕೈ ಇಲ್ಲ. ಆ ಹೆಣ್ಣುಮಗಳು ಗಂಟೆಯನ್ನು ಗಂಟಿನಲ್ಲಿ ಕಟ್ಟಿಕೊಂಡು ಜೀಪು ಹತ್ತಿದರು.

ಓಣಿಯವರು ನಿಯಮ ಮುರಿಯಲಿಲ್ಲ. ಬೇರೆ ಯಾರೂ ಮುರಿಯಬಾರದೆಂದು ಎಲ್ಲರೂ ಪಂಪಿನ ಕಾವಲಿಗೆ ಕೂತರು. ಕುಡಿಯುವ ನೀರನ್ನು ದೂರದ ಹೊಲದ ಬಾವಿಯಿಂದ ಹೊತ್ತು ತಂದರು. ಸಂಜೆ ಹದಿಮೂರನೇ ಮನೆಯ ಯಜಮಾನ ಎದ್ದು ಮೋಟರ್ ಹಚ್ಚಿದ. ತಳ್ಳಾಟವಾಯಿತು. ಒಡೆದ ಕೊಡ ಒಂದೇ, ಅದು ಅಕ್ಕನದು.

ಮರುದಿನ ಅವರು ರಜೆ ಹಾಕಿ ಅಲ್ಲಿಗೆ ಹೋದರು. ನಾನೂ ಜೊತೆಗಿದ್ದೆ. ಬೇವಿನ ಮರದ ಕೆಳಗೆ ಓಣಿ ಸೇರಿತ್ತು. ಹೊಸ ಗಂಟೆ ತಂದರೆ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಆದರೆ ಓಣಿಯವರು ಕೇಳಿದ್ದು ಬೇರೆ. ಹದಿಮೂರನೇ ಮನೆಯ ಯಜಮಾನ ಹೇಳಿದ:

"ಹೊಸಾ ಗಂಟಿ ತರ್ರಿ ಸರ್, ಬ್ಯಾಡ ಅನ್ನಲ್ಲ. ಖರೆ ಹನ್ನೊಂದನೇ ಪಾಳಿ ತಗೀರಿ. ಊರು ಬಿಟ್ಟು ಹೋದೋರಿಗಿ ಪಾಳಿ ಯಾಕ? ಇಪ್ಪತ್ತೊಂದು ಮನಿ ಅಂತ ಮಾಡ್ರಿ."

"ಅವರು ಹೊಳ್ಳಿ ಬಂದ್ರ?"

"ಬಂದಾಗ ಎಲ್ಲರ ಹಿಂದ ನಿಂದರಲಿ. ಆಗ ಜಾಗ ಇದ್ರ."

ಹಲವರು ಹೌದೆಂದರು. ಹನ್ನೊಂದು ಹೋದರೆ ಮೊದಲ ಲಾಭ ಹನ್ನೆರಡಕ್ಕೇ, ಅಂದರೆ ಅಕ್ಕನ ಮನೆಗೇ. ಅಧ್ಯಾಪಕರು ಭಾನುವಾರದವರೆಗೆ ಸಮಯ ಕೇಳಿದರು. ಅಲ್ಲಿಯವರೆಗೆ ಅಕ್ಕನ ಮನೆಯ ಒಂದು ಹಿತ್ತಾಳೆ ಚಂಬು ಗಂಟೆಯ ಬದಲು ಓಡಾಡಿತು.

ಶನಿವಾರ ನಾವಿಬ್ಬರೂ ಹೈದರಾಬಾದಿಗೆ ಹೋದೆವು. ನನಗೆ ವಲಸೆಯ ಬಗ್ಗೆ ವರದಿ ಬೇಕಿತ್ತು. ನಗರದ ಹೊರಗೆ, ಕಟ್ಟುತ್ತಿದ್ದ ಒಂದು ಎತ್ತರದ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಸಾಲಿತ್ತು. ಹೊಸ ಗೋಡೆಗಳಿಗೆ ಒಬ್ಬ ಪೈಪಿನಿಂದ ನೀರು ಹೊಡೆಯುತ್ತಿದ್ದ. ದಿನಕ್ಕೆ ಮೂರು ಸಲ ಹೊಡೆಯುತ್ತಾರೆ ಎಂದು ಹೇಳಿದರು. ಆ ಹೆಣ್ಣುಮಗಳು ಸಿಮೆಂಟಿನ ಕೈ ತೊಳೆದುಕೊಂಡು ಬಂದರು. ಗಂಟೆ ಶೆಡ್ಡಿನೊಳಗೆ ಮೊಳೆಗೆ ತೂಗುಹಾಕಿತ್ತು. ಸದ್ದಾಗದಂತೆ ಅದರ ನಾಲಿಗೆಗೆ ಬಟ್ಟೆ ಸುತ್ತಿದ್ದರು.

"ಗಂಟಿಗಿ ಬಂದೀರಿ ಸರ್?"

"ಇಲ್ರಿ. ತಪ್ಪು ನಂದದ. ಹೇಳ್ಲಿಕ್ಕ ಬಂದೀನಿ."

"ನಿಮ್ಮ ಅಕ್ಕೋರ ಕದಾ ಮೂರು ಸಲ ಬಡದೆ. ಹೊಚ್ಚಲ ಮ್ಯಾಲ ಇಡಲಿಕ್ಕ ಬಗ್ಗೀದೆ ಸುದ್ದಾ. ನೀವೇ ಹೇಳೀರಲ್ರಿ, ಇಡಬ್ಯಾಡ್ರಿ, ಕೈಗೇ ಕೊಡ್ರಿ ಅಂತ. ಜೀಪಿನಾಂವ ಒದರ್ಲತ್ತಿದ್ದ."

"ಹೇಳೀನಿ. ಹೇಳಿದ್ದೇ ತಪ್ಪು."

ಆಕೆ ಗಂಟೆಯನ್ನು ಮೊಳೆಯಿಂದ ತೆಗೆದು ಅವರ ಮುಂದೆ ಹಿಡಿದರು. "ಒಯ್ರಿ. ಖರೆ ಒಂದು ಮಾತು ಹೇಳ್ರಿ. ಮಳಿ ಬಿದ್ದ ಮ್ಯಾಲ ನಾವು ಬರ್ತೀವಿ. ಆಗ ನಮ್ಮ ಪಾಳಿ ಎಲ್ಲಿರ್ತದ?"

"ಹನ್ನೊಂದು."

"ಓಣಿಯಾಗ ಯಾರು ಹೇಳ್ಯಾರ?"

ಓಣಿಯವರು ಹಾಗೆ ಹೇಳಿರಲಿಲ್ಲ.

"ಕುರಿ ಹೋದ್ವು," ಆಕೆ ಅಂದರು. "ಮನಿಗಿ ಕೀಲಿ ಬಿತ್ತು. ಪಾಳ್ಯಾಗೂ ಇಲ್ಲ ಅಂದ್ರ ನಾವು ಆ ಊರಾಗ ಇದ್ದೀವಿ ಅಂತ ಯಾವುದರ ಮ್ಯಾಲ ಹೇಳ್ತೀರಿ?" ಎಂದು ಗಂಟೆಯನ್ನು ಅವರ ಕೈಯಲ್ಲಿಟ್ಟರು. ಆಮೇಲೆ ಸ್ವಲ್ಪ ನಕ್ಕರು. "ಹಿಡದೀರೇನು ಸರ್?"

ಅವರೂ ನಕ್ಕರು. ಗಂಟೆಯನ್ನು ಒಮ್ಮೆ ತಿರುಗಿಸಿ ನೋಡಿದರು. ಮತ್ತೆ ಆಕೆಯ ಕೈಗೇ ಕೊಟ್ಟರು. "ಇದು ನಿಮ್ಮ ಟಗರಿಂದು. ನಿಮ್ಮ ಬಲ್ಲೇ ಇರಲಿ. ಹಿಡದೀರೇನು?"

"ಹಿಡದೀನ್ರಿ."

ಬರುವಾಗ ಬಸ್ಸು ಜಹೀರಾಬಾದ್ ದಾಟಿತ್ತು. ಹೊಸ್ತಿಲ ಮೇಲೆ ಇಟ್ಟು ಹೋಗಲು ಬಿಟ್ಟಿದ್ದರೆ ಇದೆಲ್ಲ ಆಗುತ್ತಿರಲಿಲ್ಲವಲ್ಲ, ಆ ನಿಯಮ ಯಾಕೆ ಮಾಡಿದಿರಿ ಎಂದು ನಾನೇ ಕೇಳಿದೆ.

"ನಮ್ಮವ್ವ ಬಾವಿ ದಂಡ್ಯಾಗ ಕೊಡ ಇಟ್ಟು ದೂರ ನಿಂದರತಿದ್ಳು," ಅಂದರು. "ಯಾರರ ಬಂದು ಮ್ಯಾಲಿಂದ ನೀರು ಹಾಕ್ತಿದ್ರು. ಅಂಗಡ್ಯಾಗ ಸಾಮಾನು ಕಟ್ಟಿ ಮ್ಯಾಲ ಇಡ್ತಿದ್ರು. ನಾನು ಸಣ್ಣಾಂವ, ನೋಡೀನಿ. ಆಕಿ ಕೈಗಿ ನಮ್ಮ ಊರಾಗ ಯಾರೂ ಏನೂ ಕೊಟ್ಟಿಲ್ರಿ. ಅದಕ್ಕ ಗಂಟಿ ನಮ್ಮ ಅಕ್ಕನ ಕೈಗೇ ಬರಬೇಕು ಅಂತ ಮಾಡೀನಿ. ಅದು ಗಣಿತದಾಗ ಇದ್ದಿದ್ದಲ್ಲ. ನಾನು ತುರುಕೀನಿ."

ನಾನು ನೋಟ್‌ಬುಕ್ ತೆಗೆದದ್ದನ್ನು ನೋಡಿ "ಇದು ಬರೀಬ್ಯಾಡ್ರಿ" ಎಂದರು. ಈಗ ಅವರ ಅಕ್ಕನನ್ನು ಕೇಳಿ ಬರೆಯುತ್ತಿದ್ದೇನೆ. ಆಕೆ ಹೇಳಿದ್ದು: "ಬರೀರಿ. ಗಂಟಿ ಇದ್ದಷ್ಟು ದಿನಾ ನನ್ನ ಕೈಗೇ ಕೊಡ್ತಿದ್ರು, ಅದೂ ಬರೀರಿ."

ಭಾನುವಾರ ಅವರು ಭಾಲ್ಕಿಯ ಬಡಿಗನಿಂದ ಒಂದು ಹಲಗೆ ಮಾಡಿಸಿ ತಂದರು. ಹಲಗೆಗೆ ಇಪ್ಪತ್ತೆರಡು ಮೊಳೆ, ಪ್ರತಿ ಮೊಳೆಯ ಕೆಳಗೆ ಮನೆಯ ಸಂಖ್ಯೆ. ಅದನ್ನು ಪಂಪಿನ ಶೆಡ್ಡಿನ ಗೋಡೆಗೆ ಬಡಿದರು. ಊರಲ್ಲಿ ಇರುವ ಮನೆಯವರು ತಮ್ಮ ಗುರುತಿನ ಒಂದು ವಸ್ತುವನ್ನು ತಮ್ಮ ಮೊಳೆಗೆ ತೂಗುಹಾಕಬೇಕು. ಅದು ಬಳೆಯಾಗಬಹುದು, ಡಬ್ಬಿಯ ಮುಚ್ಚಳವಾಗಬಹುದು, ಕೀಲಿಯಾಗಬಹುದು. ಒಂದು ಕೆಂಪು ದಾರ ಪಾಳಿ ಯಾರದೆಂದು ತೋರಿಸುತ್ತದೆ. ನೀರು ತುಂಬಿಕೊಂಡವರು ದಾರವನ್ನು ಮುಂದಿನ ಮೊಳೆಗೆ ಕಟ್ಟಿ ಹೋಗಬೇಕು. ಮುಂದಿನ ಮೊಳೆ ಖಾಲಿ ಇದ್ದರೆ ಅದನ್ನು ದಾಟಿ ಅದರ ಮುಂದಿನದಕ್ಕೆ ಕಟ್ಟಬೇಕು. ಊರು ಬಿಡುವವರು ತಮ್ಮ ವಸ್ತುವನ್ನು ತೆಗೆದುಕೊಂಡು ಹೋಗಬೇಕು, ಬಂದಾಗ ಅದೇ ಮೊಳೆಗೆ ಹಾಕಬೇಕು.

ಹದಿಮೂರನೇ ಮನೆಯ ಯಜಮಾನ ಹಲಗೆಯ ಮುಂದೆ ನಿಂತು ನೋಡಿದ.

"ಹನ್ನೊಂದನೇ ಮೊಳಿ ಖಾಲಿ ಅದಲ್ರಿ ಸರ್. ಕಿತ್ತಿ ಹಾಕ್ರಿ."

"ಯಾಕ್ರಿ?"

"ಇದ್ದು ಏನು ಮಾಡ್ತದ?"

"ಏನೂ ಮಾಡಲ್ಲ. ಮೊಳಿ ನೀರು ಕುಡಿಯಲ್ರಿ ಯಜಮಾನ್ರ. ಇರಲಿ ಬಿಡ್ರಿ."

ಮೊದಲು ನಕ್ಕವರು ಅಕ್ಕ. ಆಮೇಲೆ ಓಣಿ ನಕ್ಕಿತು. ಯಜಮಾನ ನಗಲಿಲ್ಲ, ಆದರೆ ತನ್ನ ಮನೆಯ ಹಳೇ ಕೀಲಿಕೈ ತಂದು ಹದಿಮೂರನೇ ಮೊಳೆಗೆ ಹಾಕಿದ. ಮೇ ತಿಂಗಳ ಹೊತ್ತಿಗೆ ಖಾಲಿ ಮೊಳೆಗಳು ಐದಾದವು. ಅವುಗಳಲ್ಲಿ ಹದಿಮೂರೂ ಒಂದು.

ಅವರು ಮಾರ್ಚ್‌ನಲ್ಲಿ ಮುಗಿಸಿದ್ದ ಅಧ್ಯಾಯವನ್ನು ಮೊದಲಿನಿಂದ ಬರೆದರು. ಪಾಲ್ಗೊಂಡವರಲ್ಲಿ ಒಬ್ಬರು ಹೊರಟುಹೋದಾಗ ಮೂರು ಬಗೆಗಳಲ್ಲಿ ಏನೇನಾಗುತ್ತದೆ ಎಂಬ ಹೋಲಿಕೆ ಅದರಲ್ಲಿ ಸೇರಿತು. ಜಾಲದಲ್ಲಿ ವೃತ್ತ ಖಾಲಿಯಾಗುತ್ತದೆ, ಆದರೆ ಉಳಿಯುತ್ತದೆ. ಕೈಗೆ ಕೈಯಲ್ಲಿ ಪಕ್ಕದವರೂ ನಿಂತುಬಿಡುತ್ತಾರೆ. ಡಬ್ಬಿಯಲ್ಲಿ ಹೋದವರ ಹೆಸರಿಗೆ ಪತ್ರಗಳು ಬೀಳುತ್ತಲೇ ಇರುತ್ತವೆ, ಅವರಿಲ್ಲ ಎಂಬುದೇ ಯಾರಿಗೂ ಗೊತ್ತಾಗುವುದಿಲ್ಲ. "ಮೂರೂ ಖರೆ ಅದಾವ್ರಿ," ಎಂದು ರೈಲಿನಲ್ಲಿ ಹೇಳಿದ್ದರು. "ಮೂರೂ ಕೆಡ್ತಾವ. ನಾನು ಯಾವುದು ಛಲೋ ನಡೀತದ ಅಂತ ನೋಡ್ಲತ್ತಿದ್ದೆ. ಕೆಟ್ಟಾಗ ಯಾರು ಹೊರಗ ನಿಂದರ್ತಾರ ಅಂತ ನೋಡಿರಲಿಲ್ಲ."

ಊರಿನ ಪ್ರಸ್ತಾಪವಿದ್ದ ಪುಟವನ್ನು ಮಾರ್ಗದರ್ಶಕರು ತೆಗೆಸಿದರು. ಒಂದು ಚಿತ್ರ ಮಾತ್ರ ಉಳಿಯಿತು: ಇಪ್ಪತ್ತೆರಡು ವೃತ್ತಗಳು, ಹನ್ನೊಂದನೆಯದರಲ್ಲಿ ಕಾಳಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ವೃತ್ತವನ್ನು ತೋರಿಸಿ, ಇದನ್ನು ಉಳಿಸಿಕೊಂಡದ್ದೇಕೆ ಎಂದು ಕೇಳಿದರಂತೆ. "ಸರ್, ಅವರು ಹೈದರಾಬಾದಿಗೆ ಹೋಗಿದ್ದಾರೆ" ಎಂದು ಇವರು ಉತ್ತರ ಕೊಟ್ಟರಂತೆ. ನಾನು ಅಲ್ಲಿರಲಿಲ್ಲ. ಹೇಳಿದವರು ಅವರ ಸಹೋದ್ಯೋಗಿ. ಪದವಿ ಬಂತು.

ಹನ್ನೊಂದನೇ ಮನೆಯವರು ಆ ವರ್ಷದ ಮಳೆಯ ನಂತರ ಬಂದರು. ಆ ಹೆಣ್ಣುಮಗಳು ಗಂಟೆಯನ್ನು ತಮ್ಮ ಮೊಳೆಗೆ ಹಾಕಿದರು. ಮರುವರ್ಷ ತೆಗೆದುಕೊಂಡು ಮತ್ತೆ ಹೋದರು. ಹೀಗೆ ಹಲವು ಸಲ ಹಾಕಿದರು, ತೆಗೆದರು.

ನಿವೃತ್ತಿಯ ಮುಂಚಿನ ವರ್ಷಗಳಲ್ಲಿ ಅವರ ಕೈ ಸ್ವಲ್ಪ ನಡುಗುತ್ತಿತ್ತು. ಚಹಾದ ಕಪ್ಪನ್ನು ನಾವೇ ಅವರ ಕೈಗೆ ಕೊಡಬೇಕಾಗುತ್ತಿತ್ತು. ನಾನು ಕಪ್ಪು ಬಿಡುವ ಮೊದಲು ಅವರು ನನ್ನ ಮುಖ ನೋಡುತ್ತಿದ್ದರು. ಕೇಳಲಿ ಎಂದು. ನಾನು ಕೇಳುತ್ತಿದ್ದೆ.

ಅವರು ತೀರಿಕೊಂಡ ಮೂರನೇ ದಿನ ಹನ್ನೊಂದನೇ ಮನೆಯವರಿಗೆ ಫೋನ್ ಮಾಡಿ ತಿಳಿಸಿದೆ. ಅವರು ಈಗಲೂ ಹೈದರಾಬಾದಿನಲ್ಲಿದ್ದಾರೆ. ಆಕೆ ಗಂಟೆ ತಮ್ಮ ಹತ್ತಿರವೇ ಇದೆ ಎಂದರು.

ಕಳೆದ ಭಾನುವಾರ ಅಕ್ಕನನ್ನು ನೋಡಲು ಹೋಗಿದ್ದೆ. ಓಣಿಗೆ ನಲ್ಲಿ ಬಂದಿದೆ. ಪೈಪ್ ಹಾಕಲು ಬಂದವನು ಬೀಗ ಹಾಕಿದ ಮನೆಗೆ ಕನೆಕ್ಷನ್ ಬೇಡವೆಂದು ಹನ್ನೊಂದನ್ನು ದಾಟಿ ಹೋಗುತ್ತಿದ್ದನಂತೆ. ಅವನನ್ನು ತಡೆದವರು ಹದಿಮೂರನೇ ಮನೆಯ ಯಜಮಾನ. "ಪೈಪ್ ನೀರು ಕುಡಿಯಲ್ಲಪಾ, ಹಾಕು" ಎಂದರು ಎಂದು ಅಕ್ಕ ಹೇಳಿದರು. ಹನ್ನೊಂದನೇ ಮನೆಯ ಬಾಗಿಲಿಗೆ ಬೀಗವಿದೆ. ಬಾಗಿಲ ಪಕ್ಕದಲ್ಲಿ ನೆಲದಿಂದ ಮೊಳದಷ್ಟು ಎತ್ತರಕ್ಕೆ ಪೈಪ್ ನಿಂತಿದೆ. ಅದರ ತುದಿಗೆ ಮುಚ್ಚಳ ಹಾಕಿದೆ.